ಹಿಮಕ್ಕೆ ಒಪ್ಪಿಸಿದ ಬಿತ್ತನೆ



ಮಳೆ ಬಿದ್ದೊಡನೆ ಬಿತ್ತುವುದು, ಕೆಲವು ತಿಂಗಳಲ್ಲೇ ಕೊಯ್ಯುವುದು. ಇದು ನಮ್ಮ ನಾಡಿನ ಬೇಸಾಯದ ಸಾಮಾನ್ಯ ಕ್ರಮ. ಶರತ್ಕಾಲದಲ್ಲಿ ಬಿತ್ತಿ, ಎಳೆಯ ಪೈರನ್ನು ಹಿಮಕ್ಕೆ ಒಪ್ಪಿಸಿ, ಮುಂದಿನ ವರ್ಷದ ಫಲಕ್ಕಾಗಿ ಕಾದಿರುವುದು ನಮಗೆ ದುಸ್ಸಾಹಸವೆಂದೇ ತೋರೀತು. ಯೂರೋಪಿನ ತೋಟಗಾರರಿಗಾದರೋ ಇದು ಪುರಾತನ ಪದ್ಧತಿ. ಬೆಳ್ಳುಳ್ಳಿಯ ಜಾತಿಯೊಂದನ್ನು ಅಕ್ಟೋಬರಿನ ಆದಿಯಲ್ಲಿ ನೆಡಬೇಕೆಂದು ಕ್ರಿಸ್ತಶಕ 1ನೆಯ ಶತಮಾನದ ರೋಮನ್ ಗ್ರಂಥಕರ್ತನಾದ ಕೊಲುಮೆಲ್ಲನು ಬರೆದಿಟ್ಟಿದ್ದಾನೆ.

ಈ ಪದ್ಧತಿಯ ಮರ್ಮವನ್ನು ಎಲೆಕೋಸಿನಲ್ಲಿ ಚೆನ್ನಾಗಿ ಕಾಣಬಹುದು. ಅದು ಎರಡು ವರ್ಷದ ಬಾಳಿನ ಸಸ್ಯ. ಮೊದಲ ವರ್ಷ ಎಲೆಗಳನ್ನು ಬೆಳಸುತ್ತದೆ. ಹಲವು ವಾರಗಳ ಚಳಿಯನ್ನು ಅನುಭವಿಸಿದ ತರುವಾಯ ಹೂಬಿಟ್ಟು ಬೀಜ ಕಟ್ಟುತ್ತದೆ. ಚಳಿ ಬರುವಾಗ ಸಸಿ ತೀರ ಎಳೆಯದಾಗಿದ್ದರೆ ಸಾಯುವ ಭಯ. ಹೆಚ್ಚು ಬಲಿತಿದ್ದರೆ ವಸಂತದಲ್ಲಿ ತಲೆಕಟ್ಟದೆ ಹೂವಿಗೇರುವ ಭಯ. ಊಟಕ್ಕಾಗಿ ಬೆಳೆಯುವವನಿಗೆ ಇದು ನಷ್ಟ. ಬೀಜಕ್ಕಾಗಿ ಬೆಳೆಯುವವನಿಗೆ ಆ ಹೂವೇ ಬೇಕು. ಕೆಲವು ಪೈರುಗಳು ಹೂಬಿಡಲು ಚಳಿಯೇ ಅವಶ್ಯವೆಂಬುದನ್ನು 1918ರಲ್ಲಿ ಜರ್ಮನಿಯ ಗಾಸ್ನರನು ರೈ ಧಾನ್ಯದ ಪ್ರಯೋಗಗಳಿಂದ ತೋರಿಸಿದನು.

ಈ ಸಸ್ಯಧರ್ಮಕ್ಕೂ ನಮ್ಮ ದೇಶದ ಚರಿತ್ರೆಗೂ ನಿಕಟವಾದ ಸಂಬಂಧವುಂಟು. ಮೈಸೂರು ಸೀಮೆಯ ಹಿತವಾದ ಹವೆಯಲ್ಲಿ ಎಲೆಕೋಸು ಸೊಗಸಾಗಿ ತಲೆಕಟ್ಟುತ್ತದೆ. ಆದರೆ ಚಳಿ ಸಾಲದ್ದರಿಂದ ಸಾಮಾನ್ಯವಾಗಿ ಬೀಜವನ್ನು ಕೊಡದು. ಆದುದರಿಂದ ಸೀಮೆ ತರಕಾರಿಗಳ ಬೀಜ ಹಡಗಿನಲ್ಲಿ ಬರಬೇಕಾಗಿತ್ತು. 1939ರಲ್ಲಿ ಮಹಾಯುದ್ಧವು ಆರಂಭವಾಗಿ ಹಡಗಿನ ಸಂಚಾರಕ್ಕೆ ಅಡ್ಡಿಯಾದಾಗ ನಮ್ಮ ಪರಾವಲಂಬನೆ ಬಯಲಿಗೆ ಬಂದಿತು. 1942-43ರಲ್ಲಿ ಕ್ವೆಟ್ಟಾದಲ್ಲಿ ಬೀಜೋತ್ಪಾದನೆಗೆ ತೊಡಗಿದರು. 1947ರ ದೇಶವಿಭಜನೆಯಲ್ಲಿ ಕ್ವೆಟ್ಟಾ ಪಾಕಿಸ್ತಾನಕ್ಕೆ ಸೇರಿತು. ಆ ಊರಿನೊಡನೆ ನಾವು ಅಲ್ಲಿನ ಚಳಿಗಾಲವನ್ನೂ ಕಳೆದುಕೊಂಡೆವು!

1949ರಲ್ಲಿ ಕುಲು ಕಣಿವೆಯ ಕತ್ರೈನಿನಲ್ಲಿ, ಬಿಯಾಸ್ ನದಿಯ ಬಳಿ, ಹೊಸ ಕೇಂದ್ರವು ಸ್ಥಾಪಿತವಾಯಿತು. ಶರತ್ಕಾಲದಲ್ಲಿ ನೆಟ್ಟ ಹೂಕೋಸು ಅಲ್ಲಿ ಚಳಿಗಾಲವನ್ನು ಕಳೆದು, ಮರುವರ್ಷದ ಬೇಸಗೆಯಲ್ಲಿ ಬೀಜವನ್ನು ಕೊಡುತ್ತದೆ.

ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. 1822ರಲ್ಲಿ ಇಂಗ್ಲೆಂಡಿನಿಂದ ಸಹಾರನಪುರಕ್ಕೆ ಹೂಕೋಸಿನ ಬೀಜ ಬಂದಿತು. ಅನಂತರ ಉತ್ತರದ ಬಯಲುಸೀಮೆಯ ರೈತರು, ಅಲ್ಪ ಚಳಿಯಲ್ಲಿಯೇ ಬೀಜ ಕಟ್ಟಿದ ಗಿಡಗಳನ್ನು ತಲೆತಲಾಂತರವಾಗಿ ಆರಿಸಿ ಉಳಿಸಿದರು. ಹೀಗೆ ಹುಟ್ಟಿದ ದೇಶೀ ತಳಿಗಳಿಗೆ ಹಿಮವೂ ಬೇಡ, ಹಡಗೂ ಬೇಡ. ಇದನ್ನು ಸಾಧಿಸಿದವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ.

ನೆಲ, ಜಲಗಳಂತೆ ಚಳಿಗಾಲವೂ ಒಂದು ದೇಶದ ಸಂಪತ್ತು. ಅದಿದ್ದೆಡೆಯಲ್ಲಿ ಕಾಪಾಡಿಕೊಳ್ಳುವುದು ರಾಜ್ಯದ ಹೊಣೆ. ಅದಿಲ್ಲದೆಡೆಯಲ್ಲಿ ತಾಳ್ಮೆಯಿಂದ ದಾರಿ ಕಂಡುಕೊಂಡದ್ದು ರೈತನ ಜಾಣ್ಮೆ. ನಾಳೆ ಅಡಿಗೆಮನೆಯಲ್ಲಿ ಕೋಸನ್ನು ಹೆಚ್ಚುವಾಗ ಇವೆರಡನ್ನೂ ನೆನೆಯುವುದು ಉಚಿತ.