ತೋಟದ ಮಣ್ಣಿನಲ್ಲಿ ಉಳಿದ ತಾಮ್ರ

ನಾಸಿಕ್ ಜಿಲ್ಲೆಯ ನಿಫಾಡ, ದಿಂಡೋರಿ ತಾಲ್ಲೂಕುಗಳ ದ್ರಾಕ್ಷಿ ತೋಟಗಳ ನಡುವೆ ಹಾದುಹೋಗುವ ಮಲೆನಾಡಿಗನಿಗೆ ಎಲೆಗಳ ಮೇಲಿನ ತಿಳಿನೀಲಿ ಕಲೆಗಳು ಅಪರಿಚಿತವೆನಿಸವು. ಅದು ಬೋರ್ಡೋ ದ್ರಾವಣ, ಎಂದರೆ ನಮ್ಮ ಅಡಕೆ ತೋಟಗಳ ಮೈಲುತುತ್ತ ಮತ್ತು ಸುಣ್ಣ.

ಅದರ ಹುಟ್ಟು ಮಾತ್ರ ಫ್ರಾನ್ಸಿನಲ್ಲಿ. ಬೋರ್ಡೋ ಸೀಮೆಯ ರೈತರು ದಾರಿಹೋಕರು ಹಣ್ಣು ಕದಿಯದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಈ ಮಿಶ್ರಣವನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗುಲದಿದ್ದುದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಔಷಧವೆಂದು ಜಗತ್ತಿಗೆ ತಿಳಿಸಿದರು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಅಡಕೆಯ ಕೊಳೆರೋಗವನ್ನು ಕುರಿತ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿ, ಇದೇ ದ್ರಾವಣವನ್ನು ಮಲೆನಾಡಿನಲ್ಲಿ ರೂಢಿಗೆ ತಂದರು. ಗೊನೆಗೊನೆಗೂ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದ ಬೆಳೆಗಾರರಿಗೆ ಅದು ವರವೇ ಆಯಿತು.

ವರಕ್ಕೂ ಲೆಕ್ಕವಿದೆ. ಶೇಕಡ 1ರ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ. ಅದರಲ್ಲಿ ಸುಮಾರು 250 ಗ್ರಾಂ ತಾಮ್ರ. ತಾಮ್ರ ಮೂಲಧಾತು, ಕೊಳೆತು ಇಲ್ಲವಾಗುವಂಥದ್ದಲ್ಲ. ಮಳೆಗೆ ತೊಳೆದು ನೆಲಕ್ಕಿಳಿದದ್ದು ಬಹುಪಾಲು ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ನನ್ನ ಅಜ್ಜ ಹೊಡೆಸಿದ ಔಷಧದ ತಾಮ್ರ ಇಂದಿಗೂ ಆ ತೋಟದಲ್ಲೇ ಇರಬೇಕು. ಮಿತಿಮೀರಿದರೆ ಅದು ಬೇರಿಗೂ ಎರೆಹುಳುವಿಗೂ ವಿಷ.

ಇದಕ್ಕೆ ಈಗ ಸೂಚಿಸುತ್ತಿರುವ ಪರಿಹಾರಗಳಲ್ಲೊಂದು ಬಯೋಚಾರ್: ಕಟ್ಟಿಗೆ, ಹೊಟ್ಟುಗಳನ್ನು ಗಾಳಿ ಸೋಕದಂತೆ ಕಾಯಿಸಿ ಪಡೆದ ಇದ್ದಿಲು. ಅದರ ರಂಧ್ರಮಯ ಮೇಲ್ಮೈಗೆ ತಾಮ್ರ, ಸೀಸ, ಕ್ಯಾಡ್ಮಿಯಂಗಳು ಅಂಟಿಕೊಳ್ಳುತ್ತವೆ. ಅದರ ಕ್ಷಾರಗುಣ ಮಣ್ಣಿನ ಹುಳಿಯನ್ನು ತಗ್ಗಿಸುವುದರಿಂದ ಲೋಹ ನೀರಿನಲ್ಲಿ ಕರಗುವುದೂ ಕಡಿಮೆಯಾಗುತ್ತದೆ. ಇದನ್ನು ಶುದ್ಧೀಕರಣವೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಲೋಹ ಹೊರಹೋಗುವುದಿಲ್ಲ, ಸೆರೆಯಾಗುತ್ತದೆ, ಅಷ್ಟೇ. ಆರ್ಸೆನಿಕ್ ಆದರೋ, ಮಣ್ಣಿನ ಹುಳಿ ತಗ್ಗಿದಾಗ ಕೆಲವೊಮ್ಮೆ ಇನ್ನಷ್ಟು ಸಡಿಲಗೊಳ್ಳುತ್ತದೆ.

ಗೋದಾವರಿಯು ನಾಸಿಕ್ ದಾಟಿ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ಬಳಿ ಜಾಯಕವಾಡಿ ಜಲಾಶಯವನ್ನು ಸೇರುವವರೆಗೆ ಇಕ್ಕೆಲಗಳಲ್ಲಿ ಹೆಚ್ಚಾಗಿ ಸುಣ್ಣದಂಶವುಳ್ಳ ಕಪ್ಪು ಮಣ್ಣು. (ಕವಿರಾಜಮಾರ್ಗಕಾರನಿಗೆ ಕನ್ನಡನಾಡಿನ ಮೇರೆಯೂ ಇದೇ ನದಿ.) ಈ ಮಣ್ಣು ಕ್ಷಾರೀಯವಾದ್ದರಿಂದ ತಾಮ್ರವನ್ನು ತಾನೇ ಬಹುಮಟ್ಟಿಗೆ ಬಿಗಿಹಿಡಿದುಕೊಳ್ಳುತ್ತದೆ. ಆದುದರಿಂದ ಇದ್ದಿಲಿನ ಅಗತ್ಯ ಇಲ್ಲಿಗಿಂತ ಮಲೆನಾಡಿನ ಹುಳಿ ಮಣ್ಣಿಗೇ ಹೆಚ್ಚೆಂದು ನನ್ನ ಎಣಿಕೆ. ನಾಸಿಕ್‌ನ ಪಶ್ಚಿಮದ ಗುಡ್ಡಗಳಲ್ಲಿ ಸೊಪ್ಪು, ಸೆಗಣಿ ಸುಟ್ಟು ಸಸಿಮಡಿ ಸಿದ್ಧಪಡಿಸುವ 'ರಾಬ್' ಪದ್ಧತಿಯಿದೆ. ಕರಾವಳಿಯಲ್ಲಿ ನಮ್ಮದೇ ಸುಡುಮಣ್ಣು. ಆದರೆ ಬಯಲಲ್ಲಿ ಸುಟ್ಟಾಗ ಉಳಿಯುವುದು ಹೆಚ್ಚಾಗಿ ಬೂದಿ. ಊರಿನಲ್ಲಿ ಅಡಕೆ ಸುಲಿದ ಸಿಪ್ಪೆ ಪ್ರತಿವರ್ಷ ರಸ್ತೆಬದಿಯಲ್ಲಿ ರಾಶಿಬಿದ್ದು ಹಾಗೆಯೇ ಹೊಗೆಯಾಡುತ್ತದೆ. ಅದನ್ನು ಮುಚ್ಚಿದ ಡ್ರಮ್ಮಿನಲ್ಲಿ ಕಾಯಿಸಿದರೆ ಇದ್ದಿಲಾದೀತು.