ಅನುಮಾನ, ಗುಮಾನಿ, ಹಿಂಜರಿಕೆ: ಮೂರು ಪದಗಳ ಚರಿತ್ರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಬೋಧಿಸುವ ಯಾಜಕನಿಗೆ ಮನಸ್ಸಿನ ಅನಿಶ್ಚಿತತೆಯನ್ನು ಹೆಸರಿಸಲು ಕನ್ನಡದ ಹಲವು ಪದಗಳು ದೊರೆಯುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾನೆಂಬುದರ ಮೇಲೆ ಆಲಿಸುವವರ ಆತ್ಮಸಾಕ್ಷಿಗೆ ಹೊರೆಯೋ ಸಾಂತ್ವನವೋ ಒದಗುತ್ತದೆ. ಆದುದರಿಂದ ಅವುಗಳ ಮೂಲವನ್ನು ಅರಿಯುವುದು ಉಚಿತ.

'ಅನುಮಾನ' ಸಂಸ್ಕೃತ ಪದ. ಅಳೆಯುವುದೆಂಬ ಅರ್ಥದ 'ಮಾ' ಧಾತುವಿಗೆ 'ಅನು' ಸೇರಿ ಆದುದು. ನ್ಯಾಯದರ್ಶನದ 4 ಪ್ರಮಾಣಗಳಲ್ಲಿ ಇದು ಎರಡನೆಯದು: ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು. ಸಂದೇಹಕ್ಕೆ ಅಲ್ಲಿ 'ಸಂಶಯ' ಎಂಬ ಬೇರೆ ಪದವೇ ಇದ್ದು, 16 ಪದಾರ್ಥಗಳಲ್ಲಿ ಅದೂ ಒಂದಾಗಿದೆ. ಕನ್ನಡದಲ್ಲಾದರೋ ಅರಿವಿನ ಸಾಧನವೇ ಸಂದೇಹದ ಹೆಸರಾಯಿತು. ಪಾವಗಡದ ಸುತ್ತ ಕೇಳಿಬರುವ ತೆಲುಗಿನ 'ಅನುಮಾನಂ' ಪದಕ್ಕೂ ಇದೇ ಅರ್ಥ. ಕಣ್ಣಾರೆ ಕಾಣದೆ ತರ್ಕಿಸಿದ್ದರಲ್ಲಿ ಶಂಕೆಗೆ ಎಡೆಯುಂಟೆಂಬ ಭಾವವೇ ಈ ಪಲ್ಲಟಕ್ಕೆ ದಾರಿಯಾಗಿರಬಹುದು.

'ಗುಮಾನಿ' ಪಾರಸಿಯ 'ಗುಮಾನ್' ಪದದಿಂದ ಬಂದುದು. 1687ರಲ್ಲಿ ಮೊಗಲರ ವಶವಾದ ಶಿರಾ ಅವರ ಸುಬೆಯ ರಾಜಧಾನಿಯಾಯಿತು. ಪಾರಸಿ ಅವರ ಆಡಳಿತದ ಭಾಷೆ. ಪ್ರಾಚೀನ ಇರಾನಿನಲ್ಲಿ ಈ ಪದದ ಮೂಲ 'ವಿ' ಮತ್ತು 'ಮನ್' ಎಂಬುವುಗಳ ಕೂಟ, ಅಂದರೆ ಬೇರ್ಪಟ್ಟ ಮನಸ್ಸು. ಕ್ರೈಸ್ತ ಸಿದ್ಧಾಂತವನ್ನೂ ಖಂಡಿಸುವ 9ನೆಯ ಶತಮಾನದ ಜರತುಷ್ಟ್ರ ಗ್ರಂಥವೊಂದರ ಹೆಸರಿನಲ್ಲಿಯೂ ಇದೇ ಪದವಿದೆ: 'ಶ್ಕಂದ್ ಗುಮಾನಿಗ್ ವಿಜಾರ್', ಎಂದರೆ ಸಂದೇಹ ಪರಿಹಾರಕ ವಿವರಣೆ. ಕನ್ನಡದಲ್ಲಿ ಗುಮಾನಿ ಹೆಚ್ಚಾಗಿ ಪರರ ಮೇಲಿನ ಶಂಕೆ.

'ಹಿಂಜರಿಕೆ' ಅಚ್ಚಗನ್ನಡದ್ದು: ಹಿಂದಕ್ಕೆ ಸರಿಯುವುದು. ಇದು ಬುದ್ಧಿಯ ಮಾತಿಗಿಂತ ಕಾಲಿನ ಮಾತು.

ಮತ್ತಾಯನು ಬಳಸುವ ಗ್ರೀಕ್ ಕ್ರಿಯಾಪದ 'ದಿಸ್ತಾಜೋ'. ಎರಡು ಎಂಬರ್ಥದ ಧಾತು ಅದರಲ್ಲಿದೆ. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು 2 ಬಾರಿ ಮಾತ್ರ: ನೀರಿನ ಮೇಲೆ ಮುಳುಗತೊಡಗಿದ ಪೇತ್ರನ ವಿಷಯದಲ್ಲಿ (14:31), ಗಲಿಲೇಯದ ಬೆಟ್ಟದ ಮೇಲೆ ಶಿಷ್ಯರ ವಿಷಯದಲ್ಲಿ (28:17). ಇದನ್ನು ಗುಮಾನಿಯೆಂದರೆ ಶಿಷ್ಯರು ಆಪಾದಕರಾಗುತ್ತಾರೆ. ಹಿಂಜರಿಕೆಯೆನ್ನುವಂತೆಯೂ ಇಲ್ಲ, ಪೇತ್ರನು ಅದಾಗಲೇ ದೋಣಿಯಿಂದ ಇಳಿದಿದ್ದನು, ಶಿಷ್ಯರು ಬೆಟ್ಟಕ್ಕೆ ಬಂದು ಆರಾಧಿಸಿದ್ದರು. ಹೆಜ್ಜೆ ಮುಂದಿಟ್ಟ ಮೇಲೆ ಎರಡಾದ ಮನಸ್ಸು ಅದು.

ಪಾಪನಿವೇದನೆಯ ಪೀಠದಲ್ಲಿ "ಸ್ವಾಮಿ, ನನಗೆ ಅನುಮಾನ" ಎನ್ನುವವರನ್ನು ಅವಿಶ್ವಾಸಿಗಳೆಂದು ಎಣಿಸುವ ಮುನ್ನ ಈ ಭೇದ ನಮ್ಮ ನೆನಪಿನಲ್ಲಿರಬೇಕು. ಬೆಟ್ಟದ ಮೇಲೆ ಸಂದೇಹಪಟ್ಟವರನ್ನು ಪ್ರಭುವು ಪ್ರೇಷಣಕಾರ್ಯದಿಂದ ಹೊರಗಿಡಲಿಲ್ಲ. ಪೇತ್ರನ ವಿಷಯದಲ್ಲಿಯೂ ಅವರು ಮೊದಲು ಕೈಚಾಚಿ ಹಿಡಿದರು, ಪ್ರಶ್ನಿಸಿದ್ದು ಅನಂತರ.