ಕೆನಡಾದ ಪ್ರೇರಿ ಪ್ರಾಂತ್ಯಗಳ ವಸ್ತುಸಂಗ್ರಹಾಲಯಗಳು ಮತ್ತು ಕಲಾ ಗ್ಯಾಲರಿಗಳು

ಕೆನಡಾದ ಪ್ರೇರಿ ಪ್ರಾಂತ್ಯಗಳೆಂದು ಕರೆಯಲಾಗುವ ಮ್ಯಾನಿಟೋಬಾ, ಸಸ್ಕಾಚೆವಾನ್ ಮತ್ತು ಆಲ್ಬರ್ಟಾಗಳಲ್ಲಿ ದೊಡ್ಡ ನಗರಗಳ ಕಲಾ ಗ್ಯಾಲರಿಗಳಿಂದ ಹಿಡಿದು ಹಳ್ಳಿಗಳ ಒಂದೇ ಕೋಣೆಯ ಸಂಗ್ರಹಗಳವರೆಗೆ ಬಹುಸಂಖ್ಯೆಯ ವಸ್ತುಸಂಗ್ರಹಾಲಯಗಳಿವೆ. ಡೈನೋಸಾರ್ ಪಳೆಯುಳಿಕೆಗಳು, ಮೂಲನಿವಾಸಿ ಜನಾಂಗಗಳ ಪರಂಪರೆ, ತುಪ್ಪಳ ವ್ಯಾಪಾರದ ಇತಿಹಾಸ, ವಲಸಿಗ ರೈತರ ಬದುಕು ಹಾಗೂ ಇನ್ಯೂಟ್ ಕಲೆ ಇವುಗಳ ಮುಖ್ಯ ವಿಷಯಗಳಾಗಿವೆ. ವಾರಾಣಸಿಯಿಂದ ಕಳುವಾಗಿದ್ದ ಅನ್ನಪೂರ್ಣಾ ದೇವಿಯ ಶಿಲಾಮೂರ್ತಿಯು ಶತಮಾನಕ್ಕೂ ಹೆಚ್ಚಿನ ಅವಧಿಯ ನಂತರ ಭಾರತಕ್ಕೆ ಮರಳಿದ್ದು ಇದೇ ಪ್ರದೇಶದ ರಿಜೈನಾ ನಗರದಿಂದ.

ಹಿನ್ನೆಲೆ

ಪ್ರೇರಿ ಎಂಬುದು ಉತ್ತರ ಅಮೆರಿಕದ ಒಳನಾಡಿನ ವಿಶಾಲ ಹುಲ್ಲುಗಾವಲು ಬಯಲಿಗೆ ಇರುವ ಹೆಸರು. ಯುರೋಪಿಯನ್ನರು ನೆಲೆಸುವ ಮೊದಲು ಇಲ್ಲಿ ಬೈಸನ್ ಹಿಂಡುಗಳು ಕೋಟಿಗಟ್ಟಲೆ ಸಂಖ್ಯೆಯಲ್ಲಿ ಮೇಯುತ್ತಿದ್ದವು. ಕ್ರೀ, ಬ್ಲ್ಯಾಕ್‌ಫುಟ್, ಡಕೋಟಾ ಮುಂತಾದ ಜನಾಂಗಗಳ ಬದುಕು ಈ ಹಿಂಡುಗಳನ್ನೇ ಅವಲಂಬಿಸಿತ್ತು. 19ನೆಯ ಶತಮಾನದ ಅಂತ್ಯದ ವೇಳೆಗೆ ಬೈಸನ್ ಬಹುತೇಕ ನಾಶವಾಯಿತು. ಮೂಲನಿವಾಸಿಗಳು ಒಪ್ಪಂದಗಳ ಮೂಲಕ ಮೀಸಲು ಪ್ರದೇಶಗಳಿಗೆ ಸೀಮಿತರಾದರು. ರೈಲುಮಾರ್ಗದ ಬೆನ್ನಿಗೆ ಗೋಧಿಯ ಬೇಸಾಯ ಹರಡಿತು. ಮ್ಯಾನಿಟೋಬಾ 1870ರಲ್ಲಿಯೂ ಉಳಿದೆರಡು ಪ್ರಾಂತ್ಯಗಳು 1905ರಲ್ಲಿಯೂ ರಚನೆಯಾದವು. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ದೊಡ್ಡ ಬದಲಾವಣೆ ನಡೆದ ಕಾರಣದಿಂದಲೇ ಇಲ್ಲಿನ ಸಂಗ್ರಹಾಲಯಗಳಲ್ಲಿ 'ಈ ವಸ್ತು ಯಾರದು, ಇಲ್ಲಿಗೆ ಹೇಗೆ ಬಂತು' ಎಂಬ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಮ್ಯಾನಿಟೋಬಾ

ವಿನ್ನಿಪೆಗ್ ಕಲಾ ಗ್ಯಾಲರಿಯು 1912ರಲ್ಲಿ ಸ್ಥಾಪನೆಯಾಯಿತು. ಹಡಗಿನ ಮೂತಿಯಂತೆ ಚೂಪಾಗಿರುವ ಅದರ ತ್ರಿಕೋನಾಕಾರದ ಕಟ್ಟಡವನ್ನು ಸ್ಥಳೀಯ ಟಿಂಡಾಲ್ ಸುಣ್ಣಕಲ್ಲಿನಿಂದ ನಿರ್ಮಿಸಲಾಗಿದ್ದು, 1971ರಲ್ಲಿ ತೆರೆಯಲಾಯಿತು. ಇದಕ್ಕೆ ಹೊಂದಿಕೊಂಡಂತೆ 2021ರಲ್ಲಿ ಆರಂಭವಾದ ಕೌಮಾಯುಕ್ ಎಂಬ ಇನ್ಯೂಟ್ ಕಲಾ ಕೇಂದ್ರವು ಸಮಕಾಲೀನ ಇನ್ಯೂಟ್ ಕಲೆಯ ಜಗತ್ತಿನ ಅತಿ ದೊಡ್ಡ ಸಾರ್ವಜನಿಕ ಸಂಗ್ರಹವನ್ನು ಹೊಂದಿದೆ. ಹೆಸರಿನ ಅರ್ಥ ಇನುಕ್ಟಿಟುಟ್ ಭಾಷೆಯಲ್ಲಿ 'ಬೆಳಕಾಗಿದೆ' ಎಂದು. ಸಾಮಾನ್ಯವಾಗಿ ಸಂಗ್ರಹಾಲಯಗಳು ತಮ್ಮ ಉಗ್ರಾಣವನ್ನು ಕಣ್ಮರೆಯಲ್ಲಿ ಇಡುತ್ತವೆ. ಇಲ್ಲಿ ಸಾವಿರಾರು ಕಲ್ಲಿನ ಕೆತ್ತನೆಗಳಿರುವ ಉಗ್ರಾಣವೇ ಎತ್ತರದ ಗಾಜಿನ ಗೋಡೆಗಳೊಳಗೆ ಪ್ರವೇಶದ್ವಾರದ ಬಳಿ ನಿಂತಿದೆ.

ಮ್ಯಾನಿಟೋಬಾ ವಸ್ತುಸಂಗ್ರಹಾಲಯದ ಪ್ರಮುಖ ಆಕರ್ಷಣೆ ನಾನ್‌ಸಚ್ ಎಂಬ ಹಡಗಿನ ಪೂರ್ಣಗಾತ್ರದ ಪ್ರತಿಕೃತಿ. ಮೂಲ ಹಡಗು 1668ರಲ್ಲಿ ಇಂಗ್ಲೆಂಡಿನಿಂದ ಹಡ್ಸನ್ ಕೊಲ್ಲಿಗೆ ಬಂದು ತುಪ್ಪಳದೊಂದಿಗೆ ಹಿಂದಿರುಗಿತು; ಆ ಯಶಸ್ಸೇ 1670ರಲ್ಲಿ ಹಡ್ಸನ್ಸ್ ಬೇ ಕಂಪನಿಯ ಸ್ಥಾಪನೆಗೆ ದಾರಿಮಾಡಿತು. ಕಂಪನಿಯ ಮುನ್ನೂರನೆಯ ವರ್ಷದ ಸ್ಮರಣಾರ್ಥ ಇಂಗ್ಲೆಂಡಿನ ಡೆವನ್‌ನಲ್ಲಿ ಕಟ್ಟಲಾದ ಈ ಪ್ರತಿಕೃತಿಯು ಸಮುದ್ರದಲ್ಲಿ ನಿಜವಾಗಿಯೂ ಸಂಚರಿಸಿದ ಬಳಿಕ, ಕಡಲಿನಿಂದ ಬಹುದೂರದ ಈ ಬಯಲಿನ ನಗರವನ್ನು ಸೇರಿತು.

ಮಾನವ ಹಕ್ಕುಗಳ ಕೆನಡಿಯನ್ ವಸ್ತುಸಂಗ್ರಹಾಲಯವು 2014ರಲ್ಲಿ ತೆರೆಯಿತು. ಇದು ರಾಜಧಾನಿ ಪ್ರದೇಶದ ಹೊರಗೆ ನಿರ್ಮಾಣವಾದ ಕೆನಡಾದ ಮೊದಲ ರಾಷ್ಟ್ರೀಯ ಸಂಗ್ರಹಾಲಯ. ವಾಸ್ತುಶಿಲ್ಪಿ ಆಂಟೊಯಿನ್ ಪ್ರೆಡಾಕ್ ವಿನ್ಯಾಸಗೊಳಿಸಿದ ಕಟ್ಟಡದಲ್ಲಿ ಸಂದರ್ಶಕರು ಕತ್ತಲಿನ ಕೆಳ ಅಂತಸ್ತಿನಿಂದ ಆರಂಭಿಸಿ, ಒಳಗಿನಿಂದ ಬೆಳಗುವ ಅಲಬಾಸ್ಟರ್ ಕಲ್ಲಿನ ಇಳಿಜಾರು ಹಾದಿಗಳನ್ನು ಏರುತ್ತಾ ಗಾಜಿನ ಗೋಪುರವನ್ನು ತಲುಪುತ್ತಾರೆ. ಸಮೀಪದಲ್ಲೇ ಮಹಾತ್ಮ ಗಾಂಧಿಯವರ ಪ್ರತಿಮೆಯಿದೆ.

ಈ ಸಂಸ್ಥೆ ಆರಂಭದಿಂದಲೂ ವಿವಾದಗಳಿಂದ ಮುಕ್ತವಾಗಿಲ್ಲ. ವಿನ್ನಿಪೆಗ್ ನಗರಕ್ಕೆ ಕುಡಿಯುವ ನೀರು ಶೋಲ್ ಸರೋವರದಿಂದ 1919ರಲ್ಲಿ ಪೂರ್ಣಗೊಂಡ ಕಾಲುವೆಯ ಮೂಲಕ ಬರುತ್ತದೆ. ಕಾಲುವೆಯ ಕಾಮಗಾರಿಯಿಂದ ಅಲ್ಲಿನ ಶೋಲ್ ಲೇಕ್ 40 ಎಂಬ ಮೂಲನಿವಾಸಿ ಸಮುದಾಯದ ನೆಲೆ ಕೃತಕ ದ್ವೀಪವಾಗಿ ಬೇರ್ಪಟ್ಟಿತು. ನಗರವು ಶುದ್ಧ ನೀರು ಕುಡಿಯುತ್ತಿದ್ದಾಗ ಆ ಸಮುದಾಯವು 1997ರಿಂದ ನೀರನ್ನು ಕುದಿಸಿಯೇ ಬಳಸಬೇಕಾಯಿತು. ಸಂಗ್ರಹಾಲಯದ ಕೊಳಗಳಲ್ಲಿಯೂ ಅದೇ ಸರೋವರದ ನೀರು ತುಂಬಿದ್ದನ್ನು ಎತ್ತಿ ತೋರಿಸಲು ಸಮುದಾಯದವರು ತಮ್ಮ ಊರಿನಲ್ಲಿ 'ಕೆನಡಾದ ಮಾನವ ಹಕ್ಕುಗಳ ಉಲ್ಲಂಘನೆಯ ವಸ್ತುಸಂಗ್ರಹಾಲಯ' ಎಂಬ ಹೆಸರಿನಲ್ಲಿ ತಮ್ಮದೇ ಪ್ರದರ್ಶನವನ್ನು ತೆರೆದರು. ಹೊರಜಗತ್ತಿಗೆ ಸಂಪರ್ಕ ಕಲ್ಪಿಸುವ ರಸ್ತೆ 2019ರಲ್ಲಿ, ನೀರು ಶುದ್ಧೀಕರಣ ಘಟಕ 2021ರಲ್ಲಿ ಅವರಿಗೆ ದೊರೆತವು.

ಸಸ್ಕಾಚೆವಾನ್

ರಿಜೈನಾದ ರಾಯಲ್ ಸಸ್ಕಾಚೆವಾನ್ ವಸ್ತುಸಂಗ್ರಹಾಲಯವು 1906ರಲ್ಲಿ ಆರಂಭವಾಯಿತು. 'ಸ್ಕಾಟಿ' ಎಂಬ ಅಡ್ಡಹೆಸರಿನ ಟೈರನೊಸಾರಸ್ ರೆಕ್ಸ್ ಇದರ ಅತ್ಯಂತ ಪ್ರಸಿದ್ಧ ಸಂಗ್ರಹ. 1991ರಲ್ಲಿ ಈಸ್ಟೆಂಡ್ ಎಂಬ ಸಣ್ಣ ಊರಿನ ಬಳಿ ಪತ್ತೆಯಾದ ಈ ಅಸ್ಥಿಪಂಜರವು ಗಟ್ಟಿಯಾದ ಮರಳುಗಲ್ಲಿನಲ್ಲಿ ಹುದುಗಿದ್ದರಿಂದ ಅದನ್ನು ಬಿಡಿಸಲು ಹಲವು ವರ್ಷಗಳು ಹಿಡಿದವು. 2019ರ ಅಧ್ಯಯನವು ಇದರ ತೂಕವನ್ನು 8,800 ಕಿಲೋಗ್ರಾಂಗಿಂತ ಹೆಚ್ಚೆಂದು ಅಂದಾಜಿಸಿತು. ಪತ್ತೆಯಾದ ಸಂಭ್ರಮದಲ್ಲಿ ಕುಡಿದ ಸ್ಕಾಚ್ ಬಾಟಲಿಯಿಂದ ಪ್ರಾಣಿಗೆ ಈ ಹೆಸರು ಬಂತು.

ಅದೇ ನಗರದ ಮೆಕೆಂಜಿ ಕಲಾ ಗ್ಯಾಲರಿಯು ನಾರ್ಮನ್ ಮೆಕೆಂಜಿ ಎಂಬ ವಕೀಲರು ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ ಸಂಗ್ರಹದಿಂದ ಬೆಳೆದ ಸಂಸ್ಥೆ. 1961ರಲ್ಲಿ ಕೆನಡಾದ ರಾಷ್ಟ್ರೀಯ ಗ್ಯಾಲರಿಯಲ್ಲಿ ಪ್ರದರ್ಶನಗೊಂಡು 'ರಿಜೈನಾ ಫೈವ್' ಎಂದು ಖ್ಯಾತರಾದ ಐವರು ಅಮೂರ್ತ ಚಿತ್ರಕಾರರು ಈ ಗ್ಯಾಲರಿಯ ಸುತ್ತಲಿನ ವಲಯದವರು.

ಅನ್ನಪೂರ್ಣಾ ಮೂರ್ತಿಯ ಹಿಂದಿರುಗುವಿಕೆ

ಮೆಕೆಂಜಿಯವರು 1913ರಲ್ಲಿ ಭಾರತ ಪ್ರವಾಸ ಮಾಡಿದ್ದರು. ವಾರಾಣಸಿಯ ನದಿತೀರದ ಗುಡಿಯೊಂದರಲ್ಲಿದ್ದ ಮೂರ್ತಿಯನ್ನು ಅವರು ಬಯಸಿದ್ದನ್ನು ತಿಳಿದ ವ್ಯಕ್ತಿಯೊಬ್ಬನು ಅದನ್ನು ಕದ್ದು ತಂದುಕೊಟ್ಟನೆಂದು ದಾಖಲೆಗಳಿಂದ ತಿಳಿದುಬರುತ್ತದೆ. ಮೂರ್ತಿಯು ಮುಂದೆ ರಿಜೈನಾ ವಿಶ್ವವಿದ್ಯಾಲಯದ ಸಂಗ್ರಹದ ಭಾಗವಾಗಿ ಗ್ಯಾಲರಿಯಲ್ಲಿ ಉಳಿಯಿತು. ದಾಖಲೆಯಲ್ಲಿ ಅದನ್ನು ವಿಷ್ಣುವೆಂದು ನಮೂದಿಸಲಾಗಿತ್ತು.

ವಿನ್ನಿಪೆಗ್ ಮೂಲದ ಕಲಾವಿದೆ ದಿವ್ಯಾ ಮೆಹ್ರಾ ತಮ್ಮ ಪ್ರದರ್ಶನಕ್ಕಾಗಿ ಸಂಗ್ರಹವನ್ನು ಪರಿಶೀಲಿಸುತ್ತಿದ್ದಾಗ ಅದು ಸ್ತ್ರೀಮೂರ್ತಿ ಎಂಬುದನ್ನು ಗಮನಿಸಿದರು. ಅಮೆರಿಕದ ಪೀಬಾಡಿ ಎಸೆಕ್ಸ್ ವಸ್ತುಸಂಗ್ರಹಾಲಯದ ತಜ್ಞ ಸಿದ್ಧಾರ್ಥ ಶಾ ಅದನ್ನು ಅನ್ನಪೂರ್ಣೆಯೆಂದು ಗುರುತಿಸಿದರು: ದೇವಿಯ ಒಂದು ಕೈಯಲ್ಲಿ ಪಾಯಸದ ಬಟ್ಟಲು, ಇನ್ನೊಂದರಲ್ಲಿ ಸೌಟು. ಅನ್ನಪೂರ್ಣೇಶ್ವರಿಯನ್ನು ಬಲ್ಲ ಕನ್ನಡಿಗರಿಗೆ ಈ ಲಕ್ಷಣ ಅಪರಿಚಿತವಲ್ಲ. ಆದರೆ ಗ್ಯಾಲರಿಯ ದಾಖಲೆಯಲ್ಲಿ ತಪ್ಪು ಹೆಸರು ದಶಕಗಳ ಕಾಲ ಉಳಿದಿತ್ತು. ಮೂರ್ತಿ ಕಳವಿನದೆಂದು ಖಚಿತವಾದ ಬಳಿಕ ಮೆಹ್ರಾ ಅದನ್ನು ಮರಳಿಸುವಂತೆ ಕೋರಿದರು. ವಿಶ್ವವಿದ್ಯಾಲಯವು 2020ರ ನವೆಂಬರ್‌ನಲ್ಲಿ ಅದನ್ನು ಭಾರತಕ್ಕೆ ಹಸ್ತಾಂತರಿಸಿತು. 2021ರ ನವೆಂಬರ್ 15ರಂದು ವಾರಾಣಸಿಯ ಕಾಶಿ ವಿಶ್ವನಾಥ ದೇವಾಲಯದಲ್ಲಿ ಮೂರ್ತಿಯನ್ನು ಪ್ರತಿಷ್ಠಾಪಿಸಲಾಯಿತು. ಮೂರ್ತಿಯ ಜಾಗದಲ್ಲಿ ಮೆಹ್ರಾ ಇರಿಸಿದ್ದು ಮರಳು ತುಂಬಿದ ಪುಟ್ಟ ಚೀಲವೊಂದನ್ನು. ಇಂಡಿಯಾನಾ ಜೋನ್ಸ್ ಚಲನಚಿತ್ರದ ಮೊದಲ ಭಾಗದಲ್ಲಿ ನಾಯಕನು ಗುಡಿಯ ವಿಗ್ರಹವನ್ನು ಎತ್ತಿಕೊಂಡು ಅಲ್ಲಿ ಮರಳಿನ ಚೀಲವಿಡುವ ದೃಶ್ಯಕ್ಕೆ ಅದು ಕುಟುಕು ಉತ್ತರವಾಗಿತ್ತು. ಅವರಿಗೆ 2022ರಲ್ಲಿ ಕೆನಡಾದ ಪ್ರತಿಷ್ಠಿತ ಸೋಬಿ ಕಲಾ ಪ್ರಶಸ್ತಿ ದೊರೆಯಿತು.

ಸ್ಯಾಸ್ಕಟೂನ್

ಸ್ಯಾಸ್ಕಟೂನ್ ನಗರದ ರೆಮಾಯ್ ಮಾಡರ್ನ್ ಗ್ಯಾಲರಿಯು 2017ರಲ್ಲಿ ದಕ್ಷಿಣ ಸಸ್ಕಾಚೆವಾನ್ ನದಿಯ ದಡದಲ್ಲಿ ಆರಂಭವಾಯಿತು. ಪಿಕಾಸೊ ಅವರ ನಾನೂರಕ್ಕೂ ಹೆಚ್ಚು ಲಿನೋಕಟ್ ಮುದ್ರಣಚಿತ್ರಗಳು ಇಲ್ಲಿದ್ದು, ಇದು ಜಗತ್ತಿನಲ್ಲೇ ಇಂಥ ಅತಿ ದೊಡ್ಡ ಸಂಗ್ರಹ. 1964ರಿಂದ ನಗರದ ಜನರಿಗೆ ಆಪ್ತವಾಗಿದ್ದ ಮೆಂಡೆಲ್ ಕಲಾ ಗ್ಯಾಲರಿಯನ್ನು ಮುಚ್ಚಿ ಅದರ ಸಂಗ್ರಹವನ್ನು ಇಲ್ಲಿಗೆ ವರ್ಗಾಯಿಸಲಾಯಿತು.

ನಗರದ ಹೊರವಲಯದ ವನುಸ್ಕೇವಿನ್ ಪರಂಪರಾ ಉದ್ಯಾನವು 1992ರಲ್ಲಿ ತೆರೆಯಿತು. ಇಲ್ಲಿ ಸುಮಾರು 6,000 ವರ್ಷಗಳಷ್ಟು ಹಿಂದಿನ ಮಾನವ ವಾಸದ ಕುರುಹುಗಳಿವೆ. 2019ರಲ್ಲಿ ಉದ್ಯಾನಕ್ಕೆ ಬೈಸನ್‌ಗಳನ್ನು ಮರಳಿ ತರಲಾಯಿತು. ಮರುವರ್ಷ ಅವು ಹೊರಳಾಡಿ ಹುಲ್ಲು ಸವೆದ ಜಾಗದಲ್ಲಿ ಗೀರುಗಳಿದ್ದ ಬಂಡೆಯೊಂದು ಮೇಲೆದ್ದು ಕಂಡಿತು. ಪುರಾತತ್ತ್ವಜ್ಞ ಅರ್ನಿ ವಾಕರ್ ಅದನ್ನು ಬೈಸನ್ ಪಕ್ಕೆಲುಬುಗಳನ್ನು ಸೂಚಿಸುವ ಪ್ರಾಚೀನ ಕೆತ್ತನೆಯೆಂದು ಗುರುತಿಸಿದರು. ಅದೇ ಸ್ಥಳದಲ್ಲಿ ಇನ್ನೂ ಕೆಲವು ಕೆತ್ತನೆಗಳೂ ಕೆತ್ತಲು ಬಳಸಿದ ಕಲ್ಲಿನ ಉಪಕರಣವೂ ದೊರೆತವು. ದಶಕಗಳ ಉತ್ಖನನಕ್ಕೆ ಸಿಗದಿದ್ದುದನ್ನು ಪ್ರಾಣಿಗಳೇ ಬಯಲಿಗೆ ತಂದವು.

ಆಲ್ಬರ್ಟಾ

ಡ್ರಮ್‌ಹೆಲರ್ ಪಟ್ಟಣದ ಬಳಿಯ ರಾಯಲ್ ಟೈರೆಲ್ ವಸ್ತುಸಂಗ್ರಹಾಲಯವು 1985ರಲ್ಲಿ ಆರಂಭವಾಯಿತು. 1884ರಲ್ಲಿ ಈ ಕಣಿವೆಯಲ್ಲಿ ಮಾಂಸಾಹಾರಿ ಡೈನೋಸಾರ್ ಒಂದರ ತಲೆಬುರುಡೆಯನ್ನು ಕಂಡ ಭೂವಿಜ್ಞಾನಿ ಜೋಸೆಫ್ ಬರ್ ಟೈರೆಲ್ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ; ಅವರು ಅಲ್ಲಿಗೆ ಬಂದಿದ್ದು ಕಲ್ಲಿದ್ದಲು ನಿಕ್ಷೇಪಗಳ ಸಮೀಕ್ಷೆಗಾಗಿ. ಬೊರಿಯಲೊಪೆಲ್ಟಾ ಇಲ್ಲಿನ ಅಪೂರ್ವ ಪಳೆಯುಳಿಕೆ. 2011ರಲ್ಲಿ ತೈಲಮರಳಿನ ಗಣಿಯಲ್ಲಿ ಯಂತ್ರಚಾಲಕರೊಬ್ಬರ ಕಣ್ಣಿಗೆ ಬಿದ್ದ ಈ ಕವಚಧಾರಿ ಸಸ್ಯಾಹಾರಿ ಡೈನೋಸಾರ್ ಸುಮಾರು 11 ಕೋಟಿ ವರ್ಷಗಳ ಹಿಂದೆ ಸತ್ತು, ಕಡಲಿಗೆ ತೇಲಿಹೋಗಿ ತಳದ ಕೆಸರಿನಲ್ಲಿ ಹೂತುಹೋಗಿತ್ತು. ಆದ್ದರಿಂದ ಮೂಳೆಗಳಷ್ಟೇ ಅಲ್ಲದೆ ಚರ್ಮ, ಕವಚ ಮತ್ತು ಕೊನೆಯ ಊಟದ ಜರೀಗಿಡಗಳ ಅವಶೇಷವೂ ಉಳಿದುಬಂದಿವೆ. ಇದನ್ನು ಕಲ್ಲಿನಿಂದ ಬಿಡಿಸಲು ತಂತ್ರಜ್ಞ ಮಾರ್ಕ್ ಮಿಚೆಲ್ 7,000 ಗಂಟೆಗಳಷ್ಟು ದುಡಿದರು. ಪ್ರಭೇದದ ವೈಜ್ಞಾನಿಕ ನಾಮದಲ್ಲಿ ಅವರ ಹೆಸರು ಸೇರಿದೆ.

ಎಡ್ಮಂಟನ್‌ನ ರಾಯಲ್ ಆಲ್ಬರ್ಟಾ ವಸ್ತುಸಂಗ್ರಹಾಲಯವು 1967ರಲ್ಲಿ ಆರಂಭವಾಗಿ, 2018ರಲ್ಲಿ ನಗರಕೇಂದ್ರದ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಆಲ್ಬರ್ಟಾ ಕಲಾ ಗ್ಯಾಲರಿ ಅದೇ ನಗರದಲ್ಲಿದೆ. ಪ್ರಾಂತ್ಯದ ದಕ್ಷಿಣದಲ್ಲಿರುವ ಹೆಡ್-ಸ್ಮ್ಯಾಶ್ಡ್-ಇನ್ ಬಫಲೋ ಜಂಪ್ ಎಂಬ ಕಡಿದಾದ ಬಂಡೆಯಂಚಿಗೆ ಬೇಟೆಗಾರರು ಸಾವಿರಾರು ವರ್ಷಗಳ ಕಾಲ ಬೈಸನ್ ಹಿಂಡುಗಳನ್ನು ಓಡಿಸಿ ಕೆಡವುತ್ತಿದ್ದರು. 1981ರಲ್ಲಿ ಇದನ್ನು ಯುನೆಸ್ಕೊ ವಿಶ್ವ ಪರಂಪರೆಯ ತಾಣವೆಂದು ಘೋಷಿಸಲಾಯಿತು.

ಕ್ಯಾಲ್ಗರಿಯ ಗ್ಲೆನ್‌ಬೋ ಸಂಗ್ರಹಾಲಯವು ತೈಲೋದ್ಯಮಿ ಎರಿಕ್ ಹಾರ್ವಿ 1966ರಲ್ಲಿ ಆಲ್ಬರ್ಟಾದ ಜನರಿಗೆ ನೀಡಿದ ಸಂಗ್ರಹದಿಂದ ರೂಪುಗೊಂಡಿತು. 1988ರ ಚಳಿಗಾಲದ ಒಲಿಂಪಿಕ್ಸ್ ವೇಳೆ ಇದು ಮೂಲನಿವಾಸಿ ಕಲೆಯ ಬೃಹತ್ ಪ್ರದರ್ಶನವೊಂದನ್ನು ಏರ್ಪಡಿಸಿತು. ಅದರ ಪ್ರಾಯೋಜಕತ್ವ ವಹಿಸಿದ್ದ ತೈಲ ಕಂಪನಿಯು ತಮ್ಮ ನೆಲದಲ್ಲಿ ಕೊರೆಯುತ್ತಿದೆಯೆಂದು ಲೂಬಿಕಾನ್ ಕ್ರೀ ಜನರು ಬಹಿಷ್ಕಾರಕ್ಕೆ ಕರೆ ನೀಡಿದರು. ಈ ವಿವಾದವೇ ಸಂಗ್ರಹಾಲಯಗಳು ಮತ್ತು ಮೂಲನಿವಾಸಿಗಳ ಸಂಬಂಧದ ಕುರಿತ ರಾಷ್ಟ್ರೀಯ ಕಾರ್ಯಪಡೆಗೆ ಕಾರಣವಾಯಿತು. ಅದರ ವರದಿ 1992ರಲ್ಲಿ ಹೊರಬಂತು.

ಗ್ಲೆನ್‌ಬೋ ಬಳಿ ಬ್ಲ್ಯಾಕ್‌ಫುಟ್ ಜನಾಂಗದ ಪವಿತ್ರ ಗಂಟುಗಳೂ ಇದ್ದವು. ಆಚರಣೆಗಳಲ್ಲಿ ಬಿಚ್ಚಿ ಬಳಸುವ ಈ ಗಂಟುಗಳನ್ನು ಆ ಜನರು ವಸ್ತುಗಳೆಂದಲ್ಲ, ಜೀವವುಳ್ಳವೆಂದು ಭಾವಿಸುತ್ತಾರೆ. ಕೆನಡಾದ ಕಾನೂನು 1951ರವರೆಗೆ ಮೂಲನಿವಾಸಿಗಳ ಹಲವು ಆಚರಣೆಗಳನ್ನು ನಿರ್ಬಂಧಿಸಿತ್ತು. ಬಡತನ ಮತ್ತು ಒತ್ತಡದ ಆ ಕಾಲದಲ್ಲಿ ಅನೇಕ ಗಂಟುಗಳು ಸಂಗ್ರಾಹಕರ ಕೈಸೇರಿದವು. ಗ್ಲೆನ್‌ಬೋ 1990ರಿಂದ ಅವುಗಳನ್ನು ಎರವಲಿನ ರೂಪದಲ್ಲಿ ಸಮುದಾಯಕ್ಕೆ ಕೊಡತೊಡಗಿತು. 2000ದಲ್ಲಿ ಆಲ್ಬರ್ಟಾ ಶಾಸನಸಭೆಯು ಇದಕ್ಕೆಂದೇ ಕಾಯಿದೆ ರೂಪಿಸಿದ ಮೇಲೆ ಅವುಗಳ ಒಡೆತನವೇ ಬ್ಲ್ಯಾಕ್‌ಫುಟ್ ಜನರಿಗೆ ಮರಳಿತು. ಆಚರಣೆಯ ವಸ್ತುಗಳ ಕೊರತೆಯಿಂದ ನಿಂತುಹೋಗಿದ್ದ ವಿಧಿಗಳು ಇದರಿಂದ ಮತ್ತೆ ಆರಂಭವಾಗಲು ಸಾಧ್ಯವಾಯಿತು.

ಸಣ್ಣ ಊರುಗಳ ಸಂಗ್ರಹಾಲಯಗಳು

ಹಳೆಯ ರೈಲುನಿಲ್ದಾಣ, ಶಾಲೆ ಅಥವಾ ಚರ್ಚುಗಳಲ್ಲಿ ಸ್ವಯಂಸೇವಕರು ನಡೆಸುವ ಸಂಗ್ರಹಗಳು ಮೂರೂ ಪ್ರಾಂತ್ಯಗಳಲ್ಲಿವೆ. ಸಸ್ಕಾಚೆವಾನಿನ ವೆಸ್ಟರ್ನ್ ಡೆವಲಪ್‌ಮೆಂಟ್ ಮ್ಯೂಸಿಯಂನ ನಾಲ್ಕು ಶಾಖೆಗಳಲ್ಲಿ ಉಗಿಯಂತ್ರಗಳು ಮತ್ತು ಟ್ರ್ಯಾಕ್ಟರುಗಳನ್ನು ಕಾಪಾಡಲಾಗಿದೆ. ನಾರ್ತ್ ಬ್ಯಾಟಲ್‌ಫರ್ಡ್‌ನಲ್ಲಿ ಕ್ರೀ ಚಿತ್ರಕಾರ ಆಲನ್ ಸ್ಯಾಪ್ ಅವರ ಗ್ಯಾಲರಿಯಿದ್ದು, ಮೀಸಲು ಪ್ರದೇಶದ ದಿನನಿತ್ಯದ ಬದುಕನ್ನು ಒಳಗಿನವರ ಕಣ್ಣಿನಿಂದ ನೋಡಬಯಸುವವರಿಗೆ ಅದು ಯಾವ ದೊಡ್ಡ ಸಂಗ್ರಹಾಲಯಕ್ಕೂ ಕಡಿಮೆಯಲ್ಲ. ಮ್ಯಾನಿಟೋಬಾದ ಇಂಗ್ಲಿಸ್‌ನಲ್ಲಿ ಗ್ರೇನ್ ಎಲಿವೇಟರ್ ಎಂದು ಕರೆಯುವ, ಗೋಧಿ ತುಂಬಿಡುವ ಮರದ ಗೋಪುರಗಳ ಸಾಲೊಂದು ಉಳಿದಿದೆ. ಸ್ಟೈನ್‌ಬ್ಯಾಕ್‌ನ ಮೆನೊನೈಟ್ ಗ್ರಾಮ ಹಾಗೂ ಎಡ್ಮಂಟನ್‌ನ ಪೂರ್ವಕ್ಕಿರುವ ಉಕ್ರೇನಿಯನ್ ಗ್ರಾಮಗಳು ವಲಸಿಗರ ಮನೆಗಳನ್ನು ಬಯಲಿನಲ್ಲಿ ಪ್ರದರ್ಶಿಸುವ ತಾಣಗಳು.

ಭೇಟಿ ಮತ್ತು ಸಂಚಾರ

ದೂರವೇ ಇಲ್ಲಿನ ಪ್ರಯಾಣಿಕರ ಮುಖ್ಯ ತೊಡಕು. ವಿನ್ನಿಪೆಗ್‌ನಿಂದ ರಿಜೈನಾಕ್ಕೆ ಸುಮಾರು 575 ಕಿ.ಮೀ., ಅಲ್ಲಿಂದ ಸ್ಯಾಸ್ಕಟೂನ್‌ಗೆ 260 ಕಿ.ಮೀ., ಸ್ಯಾಸ್ಕಟೂನ್‌ನಿಂದ ಎಡ್ಮಂಟನ್‌ಗೆ 525 ಕಿ.ಮೀ., ಎಡ್ಮಂಟನ್‌ನಿಂದ ಕ್ಯಾಲ್ಗರಿಗೆ 300 ಕಿ.ಮೀ. ಅಂತರವಿದೆ. ಖಂಡವನ್ನು ದಾಟುವ ಪ್ರಯಾಣಿಕ ರೈಲು ವಿನ್ನಿಪೆಗ್, ಸ್ಯಾಸ್ಕಟೂನ್ ಮತ್ತು ಎಡ್ಮಂಟನ್‌ಗಳಲ್ಲಿ ನಿಲ್ಲುತ್ತದೆ. ರಿಜೈನಾ ಮತ್ತು ಕ್ಯಾಲ್ಗರಿಗಳನ್ನು 1990ರಿಂದ ಮುಟ್ಟುವುದಿಲ್ಲ. ಕ್ಯಾಲ್ಗರಿಯಿಂದ ಡ್ರಮ್‌ಹೆಲರ್‌ಗೆ ರಸ್ತೆಯಲ್ಲಿ ಸುಮಾರು ಒಂದೂವರೆ ಗಂಟೆಯ ಪ್ರಯಾಣ.

ಚಳಿಗಾಲದಲ್ಲಿ ಉಷ್ಣಾಂಶ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು, ಹಿಮಗಾಳಿಯಿಂದ ಹೆದ್ದಾರಿಗಳು ಮುಚ್ಚುವುದೂ ಉಂಟು. ನಗರಗಳ ಸಂಸ್ಥೆಗಳು ವರ್ಷವಿಡೀ ತೆರೆದಿರುತ್ತವೆಯಾದರೂ ಹಲವು ಸೋಮವಾರ ಮುಚ್ಚಿರುತ್ತವೆ. ಹಳ್ಳಿಗಳ ಸಂಗ್ರಹಾಲಯಗಳು ಮತ್ತು ಬಯಲು ಗ್ರಾಮಗಳು ಬಹುಮಟ್ಟಿಗೆ ಮೇ ತಿಂಗಳ ಉತ್ತರಾರ್ಧದಿಂದ ಸೆಪ್ಟೆಂಬರ್ ಆರಂಭದವರೆಗೆ ಮಾತ್ರ ತೆರೆಯುತ್ತವೆ. ಗ್ಲೆನ್‌ಬೋ ಕಟ್ಟಡವನ್ನು ನವೀಕರಣಕ್ಕಾಗಿ 2021ರಲ್ಲಿ ಮುಚ್ಚಲಾಯಿತು.